ಹೊಲಿಗೆ ಮಹಡಿಯ ಹಿಂಬಾಗಿಲು

ಹಾಸಿಗೆ ಕಾರ್ಖಾನೆಯಲ್ಲಿ ಅವಳಿಗೆ ನೋಟೀಸ್ ಮೇಡಂ ಎಂದೇ ಹೆಸರು ಬಿದ್ದಿತ್ತು. ನೇಮಕದ ಪತ್ರದಲ್ಲಿ ಇದ್ದದ್ದು ಸುರಕ್ಷತಾ ಅಧಿಕಾರಿ ಅಂತ. ಆದರೆ ಎರಡೂವರೆ ವರ್ಷದಲ್ಲಿ ಅವಳು ಗೋಡೆಗೋಡೆಗೂ ಅಂಟಿಸಿದ ಕಾಗದಗಳನ್ನು ನೋಡಿದ ಯಾರಿಗೂ ಬೇರೆ ಹೆಸರು ಹೊಳೆಯುವಂತಿರಲಿಲ್ಲ. ಬೀಡಿ ಸೇದಬಾರದು, ಅಂಟಿನ ಡಬ್ಬದ ಮುಚ್ಚಳ ತೆಗೆದಿಡಬಾರದು, ಓಡಾಡುವ ದಾರಿಯಲ್ಲಿ ಸಾಮಾನು ಇಡಬಾರದು. ಜನ ಅವುಗಳ ಮುಂದೆಯೇ ನಿಂತು ಬುತ್ತಿ ಬಿಚ್ಚುತ್ತಿದ್ದರು. ಒಂದು ನೋಟೀಸಿನ ಮೇಲಂತೂ ಯಾರೋ ತಮ್ಮ ಕೊಡೆ ನೇತುಹಾಕಲು ಮೊಳೆ ಹೊಡೆದಿದ್ದರು.

ಅವಳ ನಿದ್ದೆ ಕೆಡಿಸಿದ್ದು ಮೇಲಿನ ಹೊಲಿಗೆ ಮಹಡಿ. ಅಲ್ಲಿ ಎಂಬತ್ತಾರು ಜನ ಸಾಲಾಗಿ ಕೂತು ಹಾಸಿಗೆಯ ಹೊದಿಕೆ ಹೊಲಿಯುತ್ತಿದ್ದರು. ಕೆಳಗೆ ಸ್ಪಂಜು ಕೊಯ್ಯುವ ವಿಭಾಗ. ಮೇಲಿನವರು ಇಳಿಯಲು ಮುಂದೆ ಒಂದು ಮೆಟ್ಟಿಲು, ಹಿಂದೆ ಒಂದು ಕಬ್ಬಿಣದ ಬಾಗಿಲು, ಅದರಾಚೆ ಕಟ್ಟಡದ ಹೊರಗೋಡೆಗೆ ಜೋಡಿಸಿದ ಇನ್ನೊಂದು ಮೆಟ್ಟಿಲು. ಆ ಹಿಂಬಾಗಿಲ ಮುಂದೆ ಸ್ಪಂಜಿನ ಕಟ್ಟುಗಳನ್ನು ಆಳೆತ್ತರ ಒಟ್ಟಿದ್ದರು. ತೆಗೆಸಿ ಎಂದು ಅವಳು ಹನ್ನೊಂದು ಸಲ ಬರೆದುಕೊಟ್ಟಿದ್ದಳು. ಮ್ಯಾನೇಜರ್ ಪ್ರತಿ ಸಲವೂ ಆಗಲಿ ಮೇಡಂ ಎನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಆದರೆ ಗೋದಾಮು ತುಂಬಿ ತುಳುಕುತ್ತಿತ್ತು, ಲಾರಿ ಬಂದಾಗ ಸಾಮಾನು ಇಳಿಸಲು ಎಲ್ಲಾದರೂ ಜಾಗ ಬೇಕಿತ್ತು.

ಕಳೆದ ವರ್ಷದ ಸುರಕ್ಷತಾ ಸಭೆಯಲ್ಲಿ ಅವಳು ಕಂಪ್ಯೂಟರಿನಲ್ಲಿ ನಲವತ್ತು ಚಿತ್ರ ಮಾಡಿಕೊಂಡು ಹೋಗಿ ಪರದೆಯ ಮೇಲೆ ತೋರಿಸಿದ್ದಳು. ಹದಿನೈದನೆಯದಕ್ಕೆ ಕಾರ್ಖಾನೆಯ ಯಜಮಾನರ ತಲೆ ವಾಲಿತು. ಇಪ್ಪತ್ತನೆಯದಕ್ಕೆ ಸಣ್ಣಗೆ ಗೊರಕೆಯೂ ಕೇಳಿತು. ಮನೆಗೆ ಹೋಗಿ ಅದನ್ನು ನಗುತ್ತಲೇ ಹೇಳಿದ್ದಳಾದರೂ ಆ ಅವಮಾನ ಮರೆತಿರಲಿಲ್ಲ.

ಈ ವರ್ಷದ ಸಭೆಗೆ ಹತ್ತು ದಿನ ಇದ್ದಾಗ ಅತ್ತೆಗೆ ಕಣ್ಣಿನ ಆಪರೇಷನ್ ಆಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ಏನಾದರೂ ಬೇಕಾದರೆ ಕೂಗಿ, ಎದ್ದು ಓಡಾಡಬೇಡಿ ಎಂದು ಸೊಸೆ ಹೇಳಿದರೆ, "ಮೂವತ್ತು ವರ್ಷದಿಂದ ಓಡಾಡ್ತಿರೋ ಮನೆ, ನಂಗೆ ದಾರಿ ತೋರಿಸ್ತೀಯಾ" ಎಂದು ಅತ್ತೆ ರೇಗಿದರು. ಸಂಜೆ ಅವಳು ಕೆಲಸದಿಂದ ಬಂದಾಗ ಒಳಗಿನಿಂದ ಏನೋ ಕೆರೆಯುವ ಸದ್ದು. ಇಲಿಯೇನೋ ಎಂದುಕೊಂಡು ಹೋಗಿ ನೋಡಿದರೆ, ಅತ್ತೆ ಹಳೆ ಸಾಮಾನಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಎರಡೂ ಕೈಯಿಂದ ಸುಣ್ಣದ ಗೋಡೆಯನ್ನು ಕೆರೆಯುತ್ತಿದ್ದಾರೆ. ಬಚ್ಚಲಿಗೆಂದು ಹೊರಟವರು ಒಂದೇ ಒಂದು ತಿರುವು ತಪ್ಪಿದ್ದರು. ಬಾಗಿಲು ಬೆನ್ನ ಹಿಂದೆ ಎರಡು ಹೆಜ್ಜೆಗಿತ್ತು.

"ಬಾಗಿಲು ಎತ್ಕೊಂಡು ಹೋಗಿದ್ದಾರೆ ಕಣೇ" ಎಂದರು ಅತ್ತೆ. ಜೀವಮಾನದಲ್ಲಿ ಯಾರ ಮುಂದೆಯೂ ತಗ್ಗದ ಆ ದನಿ ಮಗುವಿನದಾಗಿತ್ತು.

ಅವಳು ಕೈಹಿಡಿದು ಕರೆತಂದು ಕೂರಿಸಿ, ನೀರು ಕುಡಿಸಿ, ಉಗುರಿನ ಸಂದಿಯ ಸುಣ್ಣ ತೊಳೆದಳು. ತೊಳೆಯುತ್ತಲೇ ಅವಳಿಗೆ ಕಾರ್ಖಾನೆ ನೆನಪಾಯಿತು. ಹೊಗೆ ತುಂಬಿದ ಮಹಡಿಯೂ ಹೀಗೇ ಅಲ್ಲವೇ. ಸ್ಪಂಜಿಗೆ ಬೆಂಕಿ ಬಿದ್ದರೆ ಮೂರು ನಿಮಿಷದಲ್ಲಿ ತನ್ನ ಕೈ ತನಗೆ ಕಾಣುವುದಿಲ್ಲ. ಇದನ್ನು ಅವಳು ಕಳೆದ ವರ್ಷ ಒಂಬತ್ತನೆಯ ಚಿತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಳು. ಬರೆದವಳಿಗೇ ಅದರ ಅರ್ಥ ಆಗಿದ್ದು ಇವತ್ತು.

ಹಾಗೆ ಅವಳಿಗೆ ಆ ಉಪಾಯ ಹೊಳೆಯಿತು. ಪರದೆ ಬೇಡ, ಚಿತ್ರ ಬೇಡ. ಯಜಮಾನರ ಕಣ್ಣಿಗೆ ಬಟ್ಟೆ ಕಟ್ಟಿ ಹೊಲಿಗೆ ಮಹಡಿಯ ನಡುವೆ ನಿಲ್ಲಿಸುವುದು. ಮುಂದಿನ ಮೆಟ್ಟಿಲಿಗೆ ಬೆಂಕಿ ಬಿದ್ದಿದೆ, ಹಿಂಬಾಗಿಲಿನಿಂದ ಹೊರಗೆ ಹೋಗಿ ಎನ್ನುವುದು. ಅವರು ಸ್ಪಂಜಿನ ಕಟ್ಟಿಗೆ ಡಿಕ್ಕಿ ಹೊಡೆದು ನಿಂತರೆ ಮುಗಿಯಿತು, ಅವಳ ಹನ್ನೊಂದು ಪತ್ರದ ಕೆಲಸ ಅದೊಂದು ಡಿಕ್ಕಿ ಮಾಡುತ್ತದೆ.

ಮ್ಯಾನೇಜರಿಗೆ ಹೇಳಿದಾಗ ಅವರು ಕುರ್ಚಿಯಲ್ಲಿ ನೆಟ್ಟಗಾದರು. ಯಜಮಾನರಿಗೆ ಅರವತ್ತನಾಲ್ಕು ವರ್ಷ, ಕಣ್ಣುಮುಚ್ಚಾಲೆ ಆಡಿಸುವ ವಯಸ್ಸೇ ಎಂದು ಕೇಳಿದರು. ಅವಳು ವಾದಿಸಲು ಹೋಗದೆ ನೇರ ಯಜಮಾನರ ಕೋಣೆಗೆ ಹೋದಳು. ಅವರ ಮರ್ಮ ಅವಳಿಗೆ ಗೊತ್ತಿತ್ತು. ಒಂದೇ ಮೆಷಿನಿನಿಂದ ಶುರು ಮಾಡಿ ಈ ಕಟ್ಟಡ ಎಬ್ಬಿಸಿದವರು, ಇದರ ಒಂದೊಂದು ಇಟ್ಟಿಗೆಯೂ ನನಗೆ ಗೊತ್ತು ಎಂದು ಬಂದವರಿಗೆಲ್ಲ ಹೇಳುವವರು. ಕಣ್ಣು ಕಟ್ಟಿದರೂ ನಿಮಗೆ ದಾರಿ ಗೊತ್ತಾಗುತ್ತದಾ ಸರ್ ಎಂದು ಮಾತ್ರ ಕೇಳಿದಳು.

ಅವರು ನಕ್ಕರು. "ಬೆಟ್ ಕಟ್ತೀಯೇನಮ್ಮ?"

ಸಭೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮೆಷಿನುಗಳು ನಿಂತವು. ಎಂಬತ್ತಾರು ಜನ ತಮ್ಮ ತಮ್ಮ ಸ್ಟೂಲಿನ ಮೇಲೆ ತಿರುಗಿ ಕೂತರು. ಕೆಳಗೆ ಸ್ಪಂಜು ಕೊಯ್ಯುವವರೂ ಕೆಲವರು ತಮಾಷೆ ನೋಡಲು ಹತ್ತಿ ಬಂದಿದ್ದರು. ಎರಡನೇ ಸಾಲಿನ ದೊಡ್ಡಕ್ಕನ ಮೆಷಿನಿನ ಪಕ್ಕ ಯಜಮಾನರನ್ನು ನಿಲ್ಲಿಸಿದರು. ದೊಡ್ಡಕ್ಕ ಎಂದರೆ ಹತ್ತೊಂಬತ್ತು ವರ್ಷದಿಂದ ಅಲ್ಲೇ ಹೊಲಿಯುತ್ತಿರುವ ಹಿರಿಯಳು. ಕಪ್ಪು ಬಟ್ಟೆಯ ತುಂಡನ್ನು ಅವಳೇ ಯಜಮಾನರ ಕಣ್ಣಿಗೆ ಕಟ್ಟಿ, ಬಿಗಿಯಾಯ್ತಾ ಎಂದು ಕೇಳಿದಳು. ಮಹಡಿ ಪೂರ್ತಿ ಕಿಸಕ್ಕನೆ ನಕ್ಕಿತು. ನೋಟೀಸ್ ಮೇಡಂ ಎರಡು ಸುತ್ತು ತಿರುಗಿಸಿ ಬಿಟ್ಟು, ಕೈಗಡಿಯಾರ ನೋಡಿಕೊಂಡಳು.

ಮೊದಲ ನಿಮಿಷ ಯಜಮಾನರು ಠೀವಿಯಿಂದಲೇ ನಡೆದರು. ಆಮೇಲೆ ಮೊಣಕಾಲು ಯಾವುದೋ ಸ್ಟೂಲಿಗೆ ತಾಗಿತು. ಎಡಕ್ಕೆ ಹೋಗಬೇಕಾದವರು ಬಲಕ್ಕೆ ಹೋಗಿ ಶೌಚಾಲಯದ ಬಾಗಿಲು ನೂಕಿದರು. ಜನ ಬಾಯಿಗೆ ಸೆರಗು, ಕರ್ಚೀಫು ಒತ್ತಿಕೊಂಡು ನಕ್ಕರು. ಯಜಮಾನರೂ ನಕ್ಕು, ವಾಸನೆಯಿಂದ ಗೊತ್ತಾಯ್ತು ಎಂದರು. ಮೂರು ನಿಮಿಷ ದಾಟಿತು. ಅವಳು ಅದನ್ನು ಗಟ್ಟಿಯಾಗಿ ಹೇಳಿದಳು, "ಸರ್, ಇಷ್ಟು ಹೊತ್ತಿಗೆ ಇಲ್ಲಿ ಪೂರ್ತಿ ಹೊಗೆ." ನಗು ಸ್ವಲ್ಪ ಕಡಿಮೆಯಾಯಿತು.

ನಾಲ್ಕೂವರೆ ನಿಮಿಷಕ್ಕೆ ಅವರ ಅಂಗೈ ಸ್ಪಂಜಿನ ಕಟ್ಟಿಗೆ ತಾಗಿತು. ಅವಳು ಕಾದಿದ್ದ ಗಳಿಗೆ ಅದೇ. ಮುಂದೆ ಹೋಗಿ, ಸಾಕು ಸರ್, ನಾನು ಹೇಳಬೇಕಾಗಿದ್ದು ಇಷ್ಟೇ ಎಂದಳು. ಆದರೆ ಒಂದು ಲೆಕ್ಕ ಅವಳು ತಪ್ಪಿದ್ದಳು. ಅಷ್ಟು ಜನರ ಮುಂದೆ ಸೋತೆ ಎನ್ನುವ ಜಾಯಮಾನ ಅವರದಲ್ಲ. "ಬಾಗಿಲು ಇದರ ಹಿಂದೇನೇ ಇದೆ, ನಂಗೊತ್ತು" ಎಂದವರೇ ಎರಡು ಕಟ್ಟುಗಳ ನಡುವೆ ಭುಜ ತೂರಿಸಿದರು. ಸ್ಪಂಜು ಒತ್ತಿದಂತೆ ಜಾಗ ಬಿಡುತ್ತದೆ, ಒಳಗೆ ಹೋದ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. ನೋಡುನೋಡುತ್ತಿದ್ದಂತೆ ಅವರು ಪೂರ್ತಿ ಮರೆಯಾದರು.

ಒಳಗಿನಿಂದ ಚಿಲಕ ಸರಿಸಿದ ಸದ್ದು ಬಂತು. ಸಿಕ್ತು ಎಂಬ ಗೆಲುವಿನ ದನಿಯೂ ಬಂತು. ಕೆಲವರು ಚಪ್ಪಾಳೆ ತಟ್ಟಿದರು. ಆಮೇಲೆ ಕಬ್ಬಿಣದ ಮೇಲೆ ಕೈ ಬಡಿದ ಸದ್ದು. ಮತ್ತೊಮ್ಮೆ. ಭುಜ ಕೊಟ್ಟು ನೂಕಿದ ಸದ್ದು.

"ಬಾಗಿಲು ಬರ್ತಿಲ್ಲ" ಎಂದರು ಯಜಮಾನರು.

ಜೋರಾಗಿ ತಳ್ಳಿ ಸರ್ ಎಂದು ಮ್ಯಾನೇಜರ್ ಹೇಳಿದರು. ಅವರು ತಳ್ಳಿದರು. ಬಾಗಿಲು ಅಲ್ಲಾಡಿತು, ತೆರೆಯಲಿಲ್ಲ. ಆಚೆಯಿಂದ ಏನೋ ಲೋಹದ್ದು ಖಣಿಲ್ ಖಣಿಲ್ ಎಂದಿತು. ಆಗ ಒಳಗಿನ ಸದ್ದು ಬದಲಾಯಿತು. ಬಡಿಯುವುದು ನಿಂತು ಗುದ್ದುವುದು ಶುರುವಾಯಿತು. ತೆಗೀರಿ ಎಂದರು, ಆಮೇಲೆ ತೆಗೀರಪ್ಪಾ ಎಂದರು, ಆಮೇಲೆ ಅವರ ಬಾಯಿಂದ ಬಂದದ್ದು ಮಾತೇ ಆಗಿರಲಿಲ್ಲ. ಕಣ್ಣಿನ ಬಟ್ಟೆ ಬಿಚ್ಚಿ ಸರ್, ಬಟ್ಟೆ ಬಿಚ್ಚಿ ಎಂದು ಅವಳು ಕೂಗುತ್ತಿದ್ದಳು. ಅದು ಅವರ ಕಿವಿಗೆ ಬೀಳುತ್ತಿರಲಿಲ್ಲ.

ಸ್ಪಂಜು ಕೊಯ್ಯುವ ಇಬ್ಬರು ನುಗ್ಗಿ ಕಟ್ಟುಗಳನ್ನು ಎಳೆದು ಬಿಸಾಡಿದರು. ಯಜಮಾನರು ಬಾಗಿಲಿಗೆ ಕೆನ್ನೆ ಒತ್ತಿ ಕುಸಿದಿದ್ದರು. ಅಂಗಿ ಬೆವರಿಗೆ ಅಂಟಿತ್ತು, ಬೆರಳ ಗೆಣ್ಣಿನ ಚರ್ಮ ಕಿತ್ತುಹೋಗಿತ್ತು. ಕಣ್ಣಿನ ಬಟ್ಟೆ ಇನ್ನೂ ಹಾಗೇ ಇತ್ತು. ಅದನ್ನು ತೆಗೆಯಬಹುದು ಎಂಬುದು ಅವರಿಗೆ ನೆನಪೇ ಆಗಿರಲಿಲ್ಲ. ದೊಡ್ಡಕ್ಕ ಹೋಗಿ ಬಿಚ್ಚಿದಳು. ಅವರು ಬೆಳಕು ನೋಡಿ, ಜನರನ್ನು ನೋಡಿ, ಯಾರ ಗುರುತೂ ಸಿಗದವರಂತೆ ಕೂತರು.

ಇದು ನೋಟೀಸ್ ಮೇಡಂ ಲೆಕ್ಕದಲ್ಲಿ ಇರಲಿಲ್ಲ. ಡಿಕ್ಕಿಯ ತನಕ ಮಾತ್ರ ಅವಳು ಯೋಚಿಸಿದ್ದಳು. ಆ ಬಾಗಿಲು ತೆರೆಯುತ್ತದೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ.

ಕೆಳಗೆ ಓಡಿಹೋಗಿ ಹೊರಗಿನ ಮೆಟ್ಟಿಲು ಹತ್ತಿ ನೋಡಿ ಬಂದವನು ಹೇಳಿದ, ಆಚೆಯಿಂದ ಸರಪಳಿ ಸುತ್ತಿ ಬೀಗ ಹಾಕಿದೆ, ಬೀಗ ತುಕ್ಕು ಹಿಡಿದು ಕೆಂಪಾಗಿದೆ ಅಂತ. ಎಲ್ಲರೂ ಮ್ಯಾನೇಜರ್ ಕಡೆ ತಿರುಗಿದರು. ಅವರ ಮುಖ ಸುಣ್ಣ ಬಳಿದಂತಾಗಿತ್ತು. ಎರಡು ವರ್ಷದ ಹಿಂದೆ ಬಟ್ಟೆಯ ಥಾನುಗಳು ಕಾಣೆಯಾಗುತ್ತಿದ್ದಾಗ ಕಾವಲುಗಾರನಿಗೆ ಹೇಳಿ ಹಾಕಿಸಿದ್ದೆ, ಒಂದು ವಾರದ ಮಟ್ಟಿಗೆ ಅಂತ ಹಾಕಿಸಿದ್ದು, ಮರೆತೇಬಿಟ್ಟೆ ಎಂದು ತಡವರಿಸಿದರು. ಆ ಕಾವಲುಗಾರ ಕೆಲಸ ಬಿಟ್ಟು ವರ್ಷದ ಮೇಲಾಗಿತ್ತು. ಕೀ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ.

"ಎರಡು ವರ್ಷ" ಎಂದಳು ಅವಳು. "ಯಾರೂ ನೋಡ್ಲಿಲ್ವಾ?"

ದೊಡ್ಡಕ್ಕ ಕೈಯಲ್ಲಿದ್ದ ಕಪ್ಪು ಬಟ್ಟೆಯನ್ನು ಮಡಿಸುತ್ತಾ ನಿಂತಿದ್ದಳು. "ನಮಗೆಲ್ಲ ಗೊತ್ತಿತ್ತಲ್ಲ ಮೇಡಂ. ಸರಪಳಿ ಹಾಕಿದ ದಿನ ಆ ಸದ್ದು ಇಲ್ಲಿಗೇ ಕೇಳಿಸ್ತಿತ್ತು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

ದೊಡ್ಡಕ್ಕನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನೀವು ತಿಂಗಳು ತಿಂಗಳು ಬಂದು, ಬಾಗಿಲು ನೋಡಿ, ಕಾಗದದಲ್ಲಿ ಗುರುತು ಹಾಕ್ಕೊಂಡು ಹೋಗ್ತಿದ್ರಿ. ನಿಮಗೂ ಗೊತ್ತಿದೆ, ದೊಡ್ಡೋರೆಲ್ಲ ಮಾತಾಡ್ಕೊಂಡೇ ಬೀಗ ಹಾಕಿದ್ದೀರಿ ಅಂದ್ಕೊಂಡ್ವಿ."

ತಪಾಸಣೆಯ ಹಾಳೆ ನೋಟೀಸ್ ಮೇಡಂ ಕಣ್ಣ ಮುಂದೆ ಬಂತು. ಅದರಲ್ಲಿ ಎರಡು ಸಾಲು. ದಾರಿ ತೆರವಾಗಿದೆಯೇ? ಇಲ್ಲ ಎಂದು ಅವಳು ಪ್ರತಿ ತಿಂಗಳೂ ನಿಷ್ಠೆಯಿಂದ ಬರೆದಿದ್ದಳು. ಬಾಗಿಲು ತೆರೆಯುತ್ತದೆಯೇ? ಕೆಲಸಕ್ಕೆ ಸೇರಿದ ಮೊದಲ ತಿಂಗಳು ತಾನೇ ತೆರೆದು ನೋಡಿದ್ದಳು, ಸಲೀಸಾಗಿ ತೆರೆದಿತ್ತು. ಆಮೇಲೆ ಕಟ್ಟುಗಳು ಅಡ್ಡ ಬಂದವು. ಮೇಲಿನಿಂದ ಬಾಗಿಲಿನ ತಲೆ ಕಾಣುತ್ತಿತ್ತು. ಹೊರಗಿನ ಮೆಟ್ಟಿಲನ್ನು ಕೆಳಗೆ ನಿಂತು ನೋಡುತ್ತಿದ್ದಳು, ಹತ್ತುತ್ತಿರಲಿಲ್ಲ. ಹೌದು, ಹೌದು, ಹೌದು ಎಂದು ಗುರುತು ಹಾಕುತ್ತಾ ಬಂದಿದ್ದಳು.

ಯಾರೂ ಅವಳನ್ನು ಕೇಳಲಿಲ್ಲ. ಯಜಮಾನರು ಇನ್ನೂ ನೆಲದ ಮೇಲೆ ಕೂತು ನೀರು ಕುಡಿಯುತ್ತಿದ್ದರು. ತಪ್ಪು ಮ್ಯಾನೇಜರ್ ತಲೆಗೆ ಬಂದಾಗಿತ್ತು, ಸುಮ್ಮನಿದ್ದರೆ ಅಲ್ಲೇ ನಿಲ್ಲುತ್ತಿತ್ತು. ಅವಳು ಕೆಳಗಿಳಿದು ತನ್ನ ಕೋಣೆಗೆ ಹೋಗಿ, ಫೈಲು ತಂದು, ಎಲ್ಲರ ಎದುರಿಗೇ ಯಜಮಾನರ ಮುಂದೆ ಮಂಡಿಯೂರಿ ಕೂತಳು. ಒಂದೊಂದು ಹಾಳೆಯಲ್ಲೂ ಆ ಸಾಲನ್ನು ಬೆರಳಿಟ್ಟು ತೋರಿಸಿದಳು.

"ಈ ಸಹಿ ನಂದು ಸರ್. ನೋಡದೇ ಹಾಕಿದ್ದು."

ಯಜಮಾನರು ಹಾಳೆಗಳನ್ನು ನೋಡಿದರು, ಸುಲಿದ ತಮ್ಮ ಗೆಣ್ಣು ನೋಡಿಕೊಂಡರು, ಆಮೇಲೆ ತಲೆಯೆತ್ತಿ ಆ ಎಂಬತ್ತಾರು ಜನರನ್ನು ನೋಡಿದರು. ಗರಗಸ ತರಿಸಿ ಎಂದಷ್ಟೇ ಹೇಳಿದರು. ಬೀಗ ತುಂಡಾಗಲು ಇಪ್ಪತ್ತೈದು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಯಾರೂ ಕದಲಲಿಲ್ಲ. ಗರಗಸದ ಕರ್ರ್ ಕರ್ರ್ ಸದ್ದನ್ನು ಎಲ್ಲರೂ ಒಳಗೊಳಗೇ ನಿಮಿಷಗಳಲ್ಲಿ ಎಣಿಸುತ್ತಿದ್ದರು ಎಂಬುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಒಬ್ಬಾಕೆ, ಮನೆಯಲ್ಲಿ ಆರು ತಿಂಗಳ ಕೂಸು ಬಿಟ್ಟು ಬರುವವಳು, ಸ್ಟೂಲಿನ ಮೇಲೇ ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಅವಳು ರಾಜೀನಾಮೆ ಬರೆದುಕೊಂಡು ಹೋದಳು. ಯಜಮಾನರು ಅದನ್ನು ಓದಲೇ ಇಲ್ಲ. ಹೋಗುವುದಾದರೆ ಹೋಗು, ಆದರೆ ಮೊದಲು ಅವರನ್ನೆಲ್ಲ ಮೂರು ನಿಮಿಷದಲ್ಲಿ ಹೊರಗೆ ತಂದು ತೋರಿಸಿ ಹೋಗು ಎಂದರು. ಮ್ಯಾನೇಜರ್ ಆ ವಾರವೇ ಪಕ್ಕದ ಕಟ್ಟಡ ಬಾಡಿಗೆಗೆ ಹಿಡಿದು ಸ್ಪಂಜಿನ ಕಟ್ಟುಗಳನ್ನು ಅಲ್ಲಿಗೆ ಸಾಗಿಸಿದರು. ನೂಕಿದರೆ ತೆರೆಯುವ ಹೊಸ ಬಾಗಿಲು ಬಂತು. ಮ್ಯಾನೇಜರ್ ಈಗ ಅವಳನ್ನು ಕಂಡರೆ ತಲೆ ತಗ್ಗಿಸುತ್ತಿದ್ದರು, ಅವಳೂ ಅವರನ್ನು ಕಂಡರೆ ತಗ್ಗಿಸುತ್ತಿದ್ದಳು.

ಅವಳು ನೋಟೀಸು ಬರೆಯುವುದನ್ನು ಬಿಟ್ಟಳು. ಊಟದ ಹೊತ್ತಿಗೆ ಮೇಲೆ ಹೋಗಿ ಒಂದೊಂದು ದಿನ ಒಂದೊಂದು ಸಾಲಿನವರ ಜೊತೆ ಕೂತು, ಕಣ್ಣು ಕಾಣದಿದ್ದರೆ ನೀವು ಹೇಗೆ ಹೋಗುತ್ತೀರಿ ಎಂದು ಕೇಳಿದಳು. ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ಮೂರನೇ ದಿನ ದೊಡ್ಡಕ್ಕ ಒಂದು ಪಟ್ಟಿ ತಂದು ಅವಳ ಮಡಿಲಿಗೆ ಹಾಕಿದಳು. ದಪ್ಪ ಕ್ಯಾನ್ವಾಸಿನ ಪಟ್ಟಿ, ಮೇಲೆ ಗೇಣಿಗೊಂದರಂತೆ ಬಟ್ಟೆಯ ನಾಲಗೆಗಳು, ಎಲ್ಲವೂ ಒಂದೇ ಕಡೆಗೆ ವಾಲಿಸಿ ಹೊಲಿದದ್ದು.

"ಕಣ್ಮುಚ್ಚಿ ಕೈಯಾಡಿಸಿ" ಎಂದಳು.

ಒಂದು ದಿಕ್ಕಿಗೆ ಅಂಗೈ ನಯವಾಗಿ ಜಾರಿತು. ಹಿಂದಕ್ಕೆ ಬಂದರೆ ಪ್ರತಿ ನಾಲಗೆಯೂ ಬೆರಳಿಗೆ ಸಿಕ್ಕಿ ತಡೆಯಿತು. ಮೆಷಿನಿನ ಸಾಲುಗಳ ಅಂಚಿಗೆ, ಗೋಡೆಗೆ, ಸೊಂಟದ ಎತ್ತರಕ್ಕೆ ಇದನ್ನು ಬಡಿದರೆ, ನಯವಾದ ಕಡೆಗೆ ಹೋದವರು ಬಾಗಿಲಿಗೆ ಹೋಗುತ್ತಾರೆ, ಕೈಗೆ ತಡೆದರೆ ತಿರುಗಬೇಕು. ಓದು ಬರದವರಿಗೂ ಆಗುತ್ತದೆ. ನೋಟೀಸ್ ಮೇಡಂ ಆ ಪಟ್ಟಿಯ ಮೇಲೆ ಮತ್ತೆ ಮತ್ತೆ ಕೈಯಾಡಿಸಿದಳು. ಎರಡೂವರೆ ವರ್ಷ ತಾನು ಗೋಡೆಯೊಂದಿಗೆ ಮಾತಾಡುತ್ತಿದ್ದಾಗ ಈ ತಲೆಗಳು ಇಲ್ಲೇ, ಹತ್ತು ಹೆಜ್ಜೆ ದೂರದಲ್ಲಿ ಇದ್ದವು.

ಪಟ್ಟಿ ಹೊಲಿದು ಬಡಿಯಲು ಒಂದು ವಾರ ಹಿಡಿಯಿತು. ಬೆಂಕಿ ಹತ್ತದ ಕ್ಯಾನ್ವಾಸನ್ನು ಮ್ಯಾನೇಜರೇ ಹುಡುಕಿ ತಂದರು. ಆಮೇಲೆ ಒಂದು ಮಧ್ಯಾಹ್ನ ಎಂಬತ್ತಾರು ಜನರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತರು. ಗಂಟೆ ಹೊಡೆದ ತಕ್ಷಣ ಏಳುವುದು, ಪಟ್ಟಿ ಹಿಡಿದು ಹೋಗುವುದು, ಬಾಗಿಲು ದಾಟಿದ ಮೇಲೆ ಕಣ್ಣು ಬಿಚ್ಚಿ ಮೆಟ್ಟಿಲು ಇಳಿಯುವುದು ಎಂದು ಮಾತಾಗಿತ್ತು. ಯಜಮಾನರು ಮೇಲೆ ಬರಲು ಒಪ್ಪಲಿಲ್ಲ. ಕೆಳಗೆ ಹಿತ್ತಲಿನಲ್ಲಿ, ಕಬ್ಬಿಣದ ಮೆಟ್ಟಿಲಿನ ಬುಡದಲ್ಲಿ ಎಣಿಸಲು ನಿಂತರು.

ಗಂಟೆ ಹೊಡೆಯಿತು. ಅವಳು ಅವರ ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿದ್ದಳು. ಮೇಲಿನಿಂದ ಒಬ್ಬರ ಹಿಂದೊಬ್ಬರು ಇಳಿದರು. ನೂಕಾಟವಿಲ್ಲ, ಕೂಗಾಟವಿಲ್ಲ. ಎರಡು ನಿಮಿಷ ನಲವತ್ತು ಸೆಕೆಂಡಿಗೆ ದೊಡ್ಡಕ್ಕ ಕೊನೆಯವಳಾಗಿ ಇಳಿದು, ನನ್ನ ಹಿಂದೆ ಯಾರೂ ಇಲ್ಲ ಎಂದಳು. ಜನ ಚಪ್ಪಾಳೆ ತಟ್ಟಿದರು. ಯಜಮಾನರು ತಟ್ಟಲಿಲ್ಲ.

"ಎಂಬತ್ತೈದು" ಎಂದರು.

ಎಣಿಕೆ ತಪ್ಪಿರಬೇಕು ಎಂದು ಸಾಲಾಗಿ ನಿಲ್ಲಿಸಿ ಮತ್ತೆ ಎಣಿಸಿದರು. ಎಂಬತ್ತೈದೇ. ಯಾರು ಇಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಳೆಯಲಿಲ್ಲ. ನೋಟೀಸ್ ಮೇಡಂ ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದಳು.

ಖಾಲಿ ಮಹಡಿ. ಕೊನೆಯ ಸಾಲಿನ ಮೂಲೆಯಲ್ಲಿ, ಹಾಸಿಗೆಯ ಅಂಚು ಹೊಲಿಯುವವಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ನಾಲ್ಕು ತಿಂಗಳ ಹಿಂದೆ ಸೇರಿದವಳು. ಮೂವತ್ತರ ಆಸುಪಾಸು, ಯಾರೊಂದಿಗೂ ಹೆಚ್ಚು ಬೆರೆಯುತ್ತಿರಲಿಲ್ಲ. ಹೆಸರು ಹಿಡಿದು ಕೂಗಿದರೂ ಅಲುಗಲಿಲ್ಲ. ನೋಟೀಸ್ ಮೇಡಂ ಹತ್ತಿರ ಹೋಗಿ ಭುಜ ಮುಟ್ಟಿದಾಗ ಬೆಚ್ಚಿ ಬಟ್ಟೆ ಸರಿಸಿದಳು. ಸುತ್ತ ಖಾಲಿ ಸ್ಟೂಲುಗಳನ್ನು ನೋಡಿದಳು.

"ಗಂಟೆ ಹೊಡೀತಾ?" ಎಂದಳು.

ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಕೆಲಸ ಸಿಗುವುದಿಲ್ಲ ಎಂಬ ಭಯಕ್ಕೆ ಹೇಳಿರಲಿಲ್ಲ. ಪಕ್ಕದವರು ಎದ್ದರೆ ಏಳುವುದು, ನಕ್ಕರೆ ನಗುವುದು, ತುಟಿ ನೋಡಿ ಮಾತು ಹಿಡಿಯುವುದು, ಹೀಗೆ ನಾಲ್ಕು ತಿಂಗಳು ತೂಗಿಸಿದ್ದಳು. ಕಣ್ಣು ಕಟ್ಟಿದ ಮೇಲೆ ಅವಳಿಗೆ ಆಧಾರ ಯಾವುದೂ ಉಳಿದಿರಲಿಲ್ಲ. ಕೆಲಸದಿಂದ ತೆಗೀಬೇಡಿ ಮೇಡಂ ಎಂದು ಕೈ ಹಿಡಿದುಕೊಂಡಳು.

ನೋಟೀಸ್ ಮೇಡಂ ಪಕ್ಕದ ಸ್ಟೂಲು ಎಳೆದುಕೊಂಡು, ತನ್ನ ತುಟಿ ಕಾಣುವಂತೆ ಎದುರಿಗೆ ಕೂತಳು. ತೆಗೆಯುವುದಿಲ್ಲ ಎಂದಳು. ಸಾಲು ಸಾಲಿಗೂ ಕೆಂಪು ದೀಪ ಹಾಕಿಸುತ್ತೇನೆ, ಪಕ್ಕದವಳು ನಿನ್ನ ತೋಳು ಹಿಡಿದೇ ಏಳುವಂತೆ ಮಾಡುತ್ತೇನೆ ಎಂದಳು. ಹೇಳುತ್ತಾ ಹೇಳುತ್ತಾ ನಿಲ್ಲಿಸಿದಳು.

"ಇಲ್ಲಿ ನಂಗೆ ಗೊತ್ತಿಲ್ದೇ ಇರೋದು ಇನ್ನೇನಾದ್ರೂ ಇದ್ಯಾ?"

ಅಂಚು ಹೊಲಿಯುವವಳು ಗೋಡೆ ಪಕ್ಕದ ಮೆಷಿನಿನ ಕಡೆ ಬೆರಳು ತೋರಿಸಿದಳು. "ಸದ್ದು ಕೇಳಲ್ವಲ್ಲ ಮೇಡಂ, ನಾನು ಎಲ್ಲಾನೂ ಮುಟ್ಟಿ ನೋಡ್ತೀನಿ. ಅದರ ಪ್ಲಗ್ಗು ಮಧ್ಯಾಹ್ನದ ಹೊತ್ತಿಗೆ ಸುಡುತ್ತೆ. ಒಂದು ತಿಂಗಳಿಂದ."

ನೋಟೀಸ್ ಮೇಡಂ ಎದ್ದು ಹೋಗಿ, ಬಗ್ಗಿ, ಕೈಯ ಹಿಂಬದಿಯನ್ನು ಪ್ಲಗ್ಗಿನ ಹತ್ತಿರ ಹಿಡಿದಳು. ಮೆಷಿನು ನಿಂತು ಹತ್ತು ನಿಮಿಷವಾಗಿತ್ತು, ಆದರೂ ಕಾವು ಚರ್ಮಕ್ಕೆ ರಾಚಿತು. ಸುತ್ತಲಿನ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿ ಕರಗಿ ಸೊಟ್ಟಗಾಗಿತ್ತು. ಅದರ ಕೆಳಗೆ ಒಂದು ಗೇಣಿನ ಅಂತರದಲ್ಲಿ ಸ್ಪಂಜಿನ ಚೂರುಗಳ ಬುಟ್ಟಿ ತುಂಬಿ ತುಳುಕುತ್ತಿತ್ತು. ಅವಳು ಬುಟ್ಟಿಯನ್ನು ಕಾಲಿನಿಂದ ದೂರ ನೂಕಿ, ಹಿಂಬಾಗಿಲಿಗೆ ಓಡಿ, ಕೆಳಗೆ ನಿಂತಿದ್ದ ಮ್ಯಾನೇಜರ್‌ಗೆ ಮೇನ್ ಸ್ವಿಚ್ ಆರಿಸಿ ಎಂದು ಕೂಗಿದಳು.